ಒಂದು ಹಲಗೆ, ನಾಲ್ಕು ಭಾಷೆ

ಹೊಸೂರಿಗೆ ಹೋಗಿಬರುವುದನ್ನು ಬೆಂಗಳೂರಿನವರು ಪ್ರವಾಸವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅತ್ತಿಬೆಲೆ ಕಳೆದರೆ ಜೂಜುವಾಡಿ, ಜೂಜುವಾಡಿ ಕಳೆದರೆ ಹೊಸೂರು. ಮದುವೆಗೆ, ಗೃಹಪ್ರವೇಶಕ್ಕೆ, ಚಂದ್ರಚೂಡೇಶ್ವರನ ದರ್ಶನಕ್ಕೆ ಹೋಗಿ ಊಟ ಮಾಡಿ ಸಂಜೆಗೆ ಮರಳುವ ಊರು ಅದು. ನಾನೂ ಹಾಗೆ ಹೋಗಿ ಬಂದವನೇ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಮನಸ್ಸು ಮಾಡಿ ನಿಧಾನವಾಗಿ ಹೋದೆ. ಕೃಷ್ಣಗಿರಿ ಸುತ್ತಲ ಬಾರಾಮಹಲ್ ಸೀಮೆಯ ಕೋಟೆಗಳನ್ನು ನೋಡಬೇಕು, ಅಲ್ಲಿನ ಬೆಟ್ಟ ಹತ್ತಬೇಕು ಎಂಬುದು ಉದ್ದೇಶ. ಕೋಟೆ ನೋಡಿದೆ, ಬೆಟ್ಟವನ್ನೂ ಹತ್ತಿದೆ. ಮರಳಿ ಬಂದ ಮೇಲೆ ಮನಸ್ಸಿನಲ್ಲಿ ಕೂತು ಏಳದೇ ಇರುವುದು ಮಾತ್ರ ಒಂದು ಕೇರಂ ಹಲಗೆ, ಮತ್ತು ಅದರ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ನನ್ನನ್ನು ಕೇಳಿದ ಒಂದು ಮಾತು.

ಹೊಸೂರಿನಲ್ಲಿ ನನ್ನನ್ನು ಉಳಿಸಿಕೊಂಡ ಗೆಳೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವನು. ಈ ಊರಿನಲ್ಲಿ ಹಾಗೆ ಹೇಳಿದರೆ ಗುರುತು ಹೇಳಿದಂತಾಗುವುದಿಲ್ಲ. ಮನೆಗೊಬ್ಬರು ಕಾರ್ಖಾನೆಯವರು ಇಲ್ಲಿ ಇದ್ದೇ ಇರುತ್ತಾರೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿತು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡಿನ ಲಾರಿಗಳೂ ಟಿವಿಎಸ್ 50 ಮೊಪೆಡ್ಡೂ ಇಲ್ಲಿಂದ ಹೊರಟವು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಕಟ್ಟಿದ ಟೈಟಾನ್ ಇಲ್ಲಿಯೇ ಕೈಗಡಿಯಾರ ಮಾಡತೊಡಗಿತು. ಸುತ್ತಲ ಹಳ್ಳಿಗಳ ಕನ್ನಡದವರು, ತೆಲುಗಿನವರು, ಪೇಟೆಯ ಉರ್ದು ಮಾತಿನವರು, ಸೇಲಂ-ತಿರುಚ್ಚಿ ಕಡೆಯಿಂದ ಬಂದ ತಮಿಳರು, ಈಗೀಗ ಒಡಿಶಾ, ಬಿಹಾರಗಳ ಹುಡುಗರು, ಎಲ್ಲರ ಊಟ-ನಿದ್ದೆಗಳೂ ಪಾಳಿಯ ಸೈರನ್ನಿಗೆ ಹೊಂದಿಕೊಂಡವು. ಪಾಳಿ ಮುಗಿದ ಮೇಲಿನ ಹೊತ್ತನ್ನು ಈ ಊರು ಹೇಗೆ ಕಳೆಯುತ್ತದೆ ಎಂದು ಗೆಳೆಯನನ್ನು ಕೇಳಿದೆ. "ತೋರಿಸ್ತೀನಿ ಬಾ" ಎಂದು ಸಂಜೆ ಹೊರಡಿಸಿದ.

ಮೊದಲು ಕರೆದೊಯ್ದದ್ದು ಮುಖ್ಯರಸ್ತೆಯ ಕಟ್ಟಡವೊಂದರ ಮಹಡಿಗೆ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಪೂಲ್ ಟೇಬಲ್ಲುಗಳು. ತಗ್ಗಿಗೆ ಇಳಿಬಿಟ್ಟ ದೀಪ, ಹಸಿರು ಬಟ್ಟೆ, ಅದರ ಮೇಲೆ ಅಂಕಿ ಬರೆದ ಹದಿನೈದು ಚೆಂಡು, ಹೊಡೆಯಲು ಒಂದು ಬಿಳಿ ಚೆಂಡು. ಇಪ್ಪತ್ತರ ಆಸುಪಾಸಿನ ಹುಡುಗರು ಕೋಲಿನ ತುದಿಗೆ ನೀಲಿ ಚಾಕ್ ಉಜ್ಜಿಕೊಳ್ಳುತ್ತ ತಮ್ಮ ಸರದಿಗೆ ಕಾಯುತ್ತಿದ್ದರು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ತಂಡಗಳ ಪಟ್ಟಿ: ಒಂದೊಂದು ಹಾಸ್ಟೆಲ್ಲಿಗೆ ಒಂದೊಂದು ತಂಡ, ವಾರದ ರಜೆಯ ದಿನ ಒಬ್ಬರೊಡನೆ ಒಬ್ಬರ ಪಂದ್ಯ. ಗೆದ್ದವರಿಗೆ ಏನು ಕೊಡುತ್ತೀರಿ ಎಂದೆ. "ಗೆದ್ದೋರು ಎಲ್ಲಾರ್ಗೂ ಟೀ ಕೊಡಿಸ್ಬೇಕು ಅಣ್ಣಾ" ಎಂದ, ತಳಿ ಕಡೆಯ ಕನ್ನಡದ ಹುಡುಗ. ಗೆದ್ದವನಿಗೆ ಖರ್ಚು, ಸೋತವನಿಗೆ ಚಹಾ. ಆ ಏರ್ಪಾಟು ನನಗೆ ಬಹಳ ಹಿಡಿಸಿತು. ಸೋತವನು ಮುಂದಿನ ವಾರವೂ ಬರಬೇಕಾದರೆ ಅವನನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಬುದ್ಧಿ ಅದರಲ್ಲಿದೆ.

ಕೋಲು ಹಿಡಿದು ಚೆಂಡು ಹೊಡೆಯುವ ಈ ಆಟಗಳ ಒಂದು ಬೇರು ಇದೇ ರಾಜ್ಯದ ಇನ್ನೊಂದು ಮೂಲೆಯಲ್ಲಿದೆ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ ಮಳೆಗಾಲದ ಬೇಸರ ಕಳೆಯಲು ಸ್ನೂಕರ್ ಆಟವನ್ನು ಹೊಂದಿಸಿದ. ಮುಂದೆ ಅದರ ನಿಯಮಗಳು ಬರವಣಿಗೆಗೆ ಇಳಿದು ಊಟಿ ಕ್ಲಬ್ಬಿನ ಗೋಡೆ ಸೇರಿದವು. ಆ ಮೇಜು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಬಟ್ಟೆಯ ಕೆಳಗೆ ಕಲ್ಲಿನ ಚಪ್ಪಡಿ. ಅದನ್ನು ಇಡಲು ಒಂದು ಹಜಾರವೇ ಬೇಕು, ಆ ಹಜಾರಕ್ಕೆ ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಕ್ಲಬ್ಬು ಬೇಕು. ಅಷ್ಟೆಲ್ಲ ಬೇಡುವ ಆಟವೂ ಕೊನೆಗೆ ನಮ್ಮ ಮಕ್ಕಳ ಕೈಗೆ ಬಂತು. ಬೆಂಗಳೂರಿನಲ್ಲಿ ಅಣ್ಣನ ಹಿಂದೆ ಹೋಗಿ ಆಟ ನೋಡುತ್ತಿದ್ದ ಬಾಲಕ ಪಂಕಜ್ ಅಡ್ವಾಣಿ, ಅರವಿಂದ ಸವೂರರ ಬಳಿ ಪಳಗಿ, 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಕಿರೀಟ ಗೆದ್ದರು. 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28 ಆಗಿದ್ದವು. ಹೊಸೂರಿನ ಹುಡುಗರಿಗೆ ಆ ಹೆಸರು ಗೊತ್ತು. ಒಬ್ಬ ತನ್ನ ಮೊಬೈಲಿನಲ್ಲಿ ಅವರ ಆಟದ ತುಣುಕು ಹಾಕಿ, ಕೋಲು ಹಿಡಿದ ಕೈಯ ಬೆರಳುಗಳನ್ನು ದೊಡ್ಡದು ಮಾಡಿ ನನಗೆ ತೋರಿಸಿದ.

ಅಲ್ಲಿಂದ ಇಳಿಯುವಾಗ ಗೆಳೆಯ ಹೇಳಿದ: "ಇದು ಈಗಿನವರ ಆಟ. ಇದರ ಅಜ್ಜನ್ನ ತೋರಿಸ್ತೀನಿ."

ಚಂದ್ರಚೂಡೇಶ್ವರನ ಬೆಟ್ಟದ ಕಡೆಯ ಹಳೆಯ ಓಣಿಯಲ್ಲಿ ಹೆಂಚಿನ ಕೋಣೆ. ಒಂದು ಬದಿಗೆ ದಿನಪತ್ರಿಕೆಗಳನ್ನು ಹರಡಿದ ಉದ್ದನೆಯ ಬೆಂಚು. ತಮಿಳುನಾಡಿನ ಓಣಿ ಓಣಿಗಳಲ್ಲಿ ಇಂಥ ಓದುವ ಮನೆಗಳಿವೆ. ದ್ರಾವಿಡ ಚಳವಳಿಯ ಕಾಲದಲ್ಲಿ ಪತ್ರಿಕೆ ಕೊಳ್ಳಲಾರದವರಿಗಾಗಿ ಹುಟ್ಟಿದವು. ಆಗ ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಓದು ಮುಗಿದ ಮೇಲೂ ಜನ ಏಳದೆ ಕೂತರು. ಕೂತವರ ನಡುವೆ ಕೇರಂ ಹಲಗೆ ಬಂತು. ಈ ಕೋಣೆಯಲ್ಲೂ ಪತ್ರಿಕೆಯ ಬೆಂಚಿನ ಆಚೆ ಎರಡು ಹಲಗೆಗಳಿದ್ದವು. ಪ್ರತಿ ಹಲಗೆಯ ನೆತ್ತಿಗೆ ಸರಿಯಾಗಿ, ಬೆಳಕು ಆಡುವವರ ಕಣ್ಣಿಗೆ ಹೊಡೆಯದಂತೆ ತಗಡಿನ ಮುಚ್ಚಿಗೆ ಕಟ್ಟಿದ ಬಲ್ಬು. ಬೋರಿಕ್ ಪೌಡರಿನ ವಾಸನೆ. ಸ್ಟ್ರೈಕರ್ ಕಾಯಿಗೆ ತಾಗುವ ಸದ್ದು ಬಿಟ್ಟರೆ ಮಾತಿಲ್ಲ.

ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದ ಹಿರಿಯರು ನನ್ನನ್ನು ಕಂಡು, "ಬನ್ನಿ, ಕುತ್ಕಳಿ" ಎಂದರು. ಗಡಿಯಾರ ಜೋಡಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ, ಲೆಕ್ಕ ಬರೆಯುವುದು ತಮಿಳಿನಲ್ಲಿ. ಭಾನುವಾರದ ಸುತ್ತಿನ ಪಂದ್ಯಗಳು ಆ ಪುಸ್ತಕದಲ್ಲಿ ದಾಖಲಾಗುತ್ತವೆ: ಯಾವ ಓಣಿ, ಯಾವ ಜೋಡಿ, ಎಷ್ಟು ಅಂಕ. ಹಳೆಯ ಪುಸ್ತಕಗಳು ಕಪಾಟಿನಲ್ಲಿ ಒಂದರ ಮೇಲೊಂದು ಇದ್ದವು. ಕೆಲವಕ್ಕೆ ಗೆದ್ದಲು ಹತ್ತಿ ಅಂಚು ಹೋಗಿತ್ತು. ಒಂದನ್ನು ತೆಗೆದು ನನ್ನ ಮುಂದೆ ಬಿಡಿಸಿದರು. ಒಂದು ಪುಟದ ಹೆಸರುಗಳ ಎದುರಿಗೆ ಸಣ್ಣ ಗುರುತುಗಳಿದ್ದವು. "ಇವ್ನು ಊರು ಬಿಟ್ಟ. ಇವ್ನು ತೀರ್ಕಂಡ. ಇವನ ಮಗ ನೋಡಿ ಅಲ್ಲಿ ಆಡ್ತಾ ಅವ್ನೆ" ಎಂದು ಬೆರಳಿಟ್ಟು ಹೇಳುತ್ತ ಹೋದರು. ಆ ಊರಿನ ಒಂದು ಪೀಳಿಗೆಯ ಸಂಜೆಗಳು ಆ ಪುಟಗಳಲ್ಲಿದ್ದವು. ಯಾವ ಗ್ರಂಥಾಲಯವೂ ಅದನ್ನು ಕೇಳಿಲ್ಲ, ಯಾವ ಕ್ರೀಡಾ ಇಲಾಖೆಯೂ ಅದಕ್ಕೆ ಮೊಹರು ಒತ್ತಿಲ್ಲ. ಆದರೂ ಅದರಲ್ಲಿ ಒಂದು ಅಂಕ ಹೆಚ್ಚುಕಡಿಮೆ ಬರೆಯಲು ಅಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಕೇರಂ ಎಲ್ಲಿ ಹುಟ್ಟಿತೆಂಬುದಕ್ಕೆ ಗಟ್ಟಿ ದಾಖಲೆಯಿಲ್ಲ, ಭಾರತದ್ದೇ ಎಂಬುದು ಎಲ್ಲರ ನಂಬಿಕೆ. ಅಖಿಲ ಭಾರತ ಒಕ್ಕೂಟ 1956ರಲ್ಲಿ ಹುಟ್ಟಿತು. ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1988ರಲ್ಲಿ, ಚೆನ್ನೈಯಲ್ಲಿ. ಒಂದು ಆಟದ ಜಗತ್ತಿನ ಸಂಸ್ಥೆಯೇ ತಮ್ಮ ರಾಜಧಾನಿಯಲ್ಲಿ ಶುರುವಾಯಿತು ಎಂಬ ಹೆಮ್ಮೆ ಈ ಕೋಣೆಯವರಿಗೂ ಇದೆ. 1991ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಚೆನ್ನೈನ ಮರಿಯ ಇರುದಯಂ 1995ರಲ್ಲಿ ಕೊಲಂಬೊದಲ್ಲಿ ಮತ್ತೆ ಗೆದ್ದರು. ಅರ್ಜುನ ಪ್ರಶಸ್ತಿಯನ್ನು ಈ ಆಟಕ್ಕೆ ತಂದುಕೊಟ್ಟವರು ಅವರು. ಅವರ ಫೋಟೋ ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಅಂಟಿಸಿತ್ತು, ಕಾಗದ ಹಳದಿಯಾಗಿತ್ತು.

ಹಲಗೆಯ ಆಡುವ ಭಾಗ ಎರಡೂವರೆ ಅಡಿಗೂ ಕಡಿಮೆ, 74 ಸೆಂಟಿಮೀಟರು. ಒಂಬತ್ತು ಬಿಳಿ, ಒಂಬತ್ತು ಕಪ್ಪು, ನಡುವೆ ಒಂದು ಕೆಂಪು. ಇದನ್ನು ನಾವೆಲ್ಲ ಬಲ್ಲೆವು. ಬೇಸಿಗೆ ರಜೆಯಲ್ಲಿ ಆಡಿದ ನೆನಪು ಯಾರಿಗಿಲ್ಲ! ಆದರೆ ಪಂದ್ಯದ ಆಟವನ್ನು ಹತ್ತಿರ ಕೂತು ನೋಡಿದರೆ ಅದು ಬೇರೆಯೇ ವಿದ್ಯೆ. ಆ ದಿನ ಆಡುತ್ತಿದ್ದ ನಾಲ್ವರಲ್ಲಿ ಒಬ್ಬರು ಆಟೋ ಓಡಿಸುವವರು, ಒಬ್ಬರು ಲೇತ್ ಯಂತ್ರದ ಮೇಲೆ ನಿಲ್ಲುವವರು, ಒಬ್ಬರು ಮಾರುಕಟ್ಟೆಯಲ್ಲಿ ಹೂವಿನ ಕಮಿಷನ್ ಮಂಡಿಯವರು, ನಾಲ್ಕನೆಯವನು ಕಾಲೇಜು ಹುಡುಗ. ಆಟೋದವರು ಉರ್ದುವಿನಲ್ಲಿ ಗೊಣಗುತ್ತಿದ್ದರು, ಜೊತೆಗಾರ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ, ಎದುರು ಜೋಡಿಯ ಲೆಕ್ಕಾಚಾರ ತೆಲುಗಿನಲ್ಲಿ ನಡೆದಿತ್ತು, ನನಗೆ ವಿವರಣೆ ಕನ್ನಡದಲ್ಲಿ ಬರುತ್ತಿತ್ತು. ಒಂದು ಹೊಡೆತದಲ್ಲಿ ಸ್ಟ್ರೈಕರ್ ಗೆರೆಗೆ ತಾಗಿತ್ತೋ ಇಲ್ಲವೋ ಎಂಬ ಸಂಶಯ ಎದ್ದಿತು. ಯಾರೂ ದನಿ ಏರಿಸಲಿಲ್ಲ. ಹೊಡೆದ ಹೂವಿನ ವ್ಯಾಪಾರಿಯೇ "ತಾಗಿರಲಿಲ್ಲ, ಫೌಲ್" ಎಂದು ತಮ್ಮ ಕಾಯಿಯೊಂದನ್ನು ತೆಗೆದು ನಡುವೆ ಇಟ್ಟರು. ಆ ಒಂದು ಕಾಯಿಯಿಂದಲೇ ಆ ಜೋಡಿ ಬೋರ್ಡು ಸೋತಿತು.

ನಿಯಮಗಳಲ್ಲಿ ಒಂದನ್ನು ಹಿರಿಯರು ನನಗೆ ಬಿಡಿಸಿ ಹೇಳಿದರು. ಇಪ್ಪತ್ತೈದು ಅಂಕಕ್ಕೆ ಆಟ. ಕೆಂಪು ಕಾಯಿಗೆ ಮೂರು ಅಂಕ, ಅದನ್ನು ಹಾಕಿದ ಮೇಲೆ ತನ್ನದೊಂದು ಕಾಯಿಯನ್ನು ಬೆನ್ನಿಗೇ ಹಾಕಿ ಉಳಿಸಿಕೊಳ್ಳಬೇಕು. ಆದರೆ ಇಪ್ಪತ್ತೆರಡು ಅಂಕ ಮುಟ್ಟಿದವನಿಗೆ ಆ ಮೂರು ಅಂಕ ದಕ್ಕುವುದಿಲ್ಲ. ಕೆಂಪು ಹಾಕಿ ಮೂರು ಅಂಕದಲ್ಲಿ ಆಟ ಮುಗಿಸಿಬಿಡುವ ಸುಲಭ ದಾರಿ ಅವನಿಗೆ ಮುಚ್ಚಿಹೋಗಿರುತ್ತದೆ. ಅವನು ಒಂದೊಂದೇ ಕಾಯಿ ಗಳಿಸಿಯೇ ಗೆಲ್ಲಬೇಕು. ಹಿಂದೆ ಬಿದ್ದವನಿಗೆ ಮಾತ್ರ ಕೆಂಪಿನ ಆಸೆ ಉಳಿದಿರುತ್ತದೆ. "ಮುಂದೆ ಹೋದೋನ್ಗೆ ಕಷ್ಟ ಜಾಸ್ತಿ ಇರ್ಬೇಕು. ಹಿಂದೆ ಇರೋನ್ಗೆ ದಾರಿ ಇರ್ಬೇಕು. ಇಲ್ದಿದ್ರೆ ಯಾರು ಆಡ್ತಾರೆ?" ಎಂದರು. ನಿಯಮ ಮಾಡಿದವರ ಮನಸ್ಸಿನಲ್ಲಿ ಏನಿತ್ತೋ, ಜೀವನವಿಡೀ ಆಡಿದವರು ಅದರಲ್ಲಿ ಕಂಡುಕೊಂಡ ನ್ಯಾಯ ಇದು. ಮಹಡಿಯ ಹುಡುಗರ ಚಹಾದ ಏರ್ಪಾಟಿನ ಹಿಂದೆ ಇದ್ದದ್ದೂ ಇದೇ ನ್ಯಾಯ.

ಹೊರಡುವ ಹೊತ್ತಿಗೆ ಅವರು ಕೇಳಿದರು: "ಬೆಂಗಳೂರಲ್ಲಿ ನಿಮ್ ಕಡೆ ಈಗ ಎಲ್ಲಿ ಆಡ್ತಾರೆ?"

ನಮ್ಮದು ರಾಜಾಜಿನಗರ. ಆ ಹೆಸರಿನ ರಾಜಾಜಿ, ಅಂದರೆ ರಾಜಗೋಪಾಲಾಚಾರಿಯವರು, 1878ರಲ್ಲಿ ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಗಡಿಯಾಚೆಯ ಹಳ್ಳಿಯ ಮಗನ ಹೆಸರನ್ನು ನಾವು ಒಂದು ಬಡಾವಣೆಗಿಟ್ಟು, ಅದರ ಒಡಲಲ್ಲೇ ಕೈಗಾರಿಕಾ ಎಸ್ಟೇಟು ಕಟ್ಟಿದೆವು. ನಾನು ಹುಡುಗನಾಗಿದ್ದಾಗ ಅಲ್ಲಿಯೂ ಪಾಳಿಯ ಸೈರನ್ನು ಕೂಗುತ್ತಿತ್ತು, ಅಲ್ಲಿಯೂ ಬೀದಿದೀಪದ ಕೆಳಗೆ ಸ್ಟೂಲಿನ ಮೇಲೆ ಹಲಗೆ ಇಟ್ಟು ದೊಡ್ಡವರು ಆಡುತ್ತಿದ್ದರು. ನಾವು ಹುಡುಗರು ಪೌಡರ್ ಉದುರಿಸುವ ಕೆಲಸಕ್ಕೆ ಜಗಳವಾಡುತ್ತಿದ್ದೆವು. ಗಣೇಶನ ಹಬ್ಬಕ್ಕೆ ಪಂದ್ಯಾವಳಿ, ಗೆದ್ದವರಿಗೆ ಸ್ಟೀಲ್ ಲೋಟ. ಆ ಬೀದಿಯಲ್ಲಿ ಈಗ ಎರಡೂ ಬದಿಗೆ ಕಾರುಗಳು ನಿಲ್ಲುತ್ತವೆ. ಮರದ ಪೆಟ್ಟಿಗೆ ಅಂಗಡಿಯ ಜಾಗದಲ್ಲಿ ಕಟ್ಟಡವೆದ್ದಿದೆ. ಮಕ್ಕಳು ಆಡುತ್ತಾರೆ, ಹಣ ಕಟ್ಟಿ, ಕೋಚಿಂಗ್ ಹೆಸರಿನಲ್ಲಿ, ಗಂಟೆ ನೋಡಿಕೊಂಡು. ದೊಡ್ಡವರು ಆಡುವುದನ್ನು ನಾನು ನೋಡಿ ಬಹಳ ಕಾಲವಾಯಿತು. ಹಿರಿಯರಿಗೆ ಹೇಳಲು ನನ್ನ ಬಳಿ ಒಂದು ಜಾಗದ ಹೆಸರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೃಷ್ಣಗಿರಿಯ ಕಡೆ ಹೊರಟೆ. ಗೆಳೆಯನ ತಾಯಿ ಹೊರಡುವ ಮುಂಚೆ ರಾಗಿ ಮುದ್ದೆ, ಹಿದುಕಿದ ಅವರೆಬೇಳೆಯ ಸಾರು ಬಡಿಸಿದರು. ಅದೇ ಮುದ್ದೆಗೆ ರಸ್ತೆಯಾಚೆಯ ಮನೆಯಲ್ಲಿ ಕಳಿ ಎನ್ನುತ್ತಾರೆ, ಅದೇ ಸಾರಿನಲ್ಲಿ ತೆಂಗಿನಕಾಯಿ ತುಸು ಹೆಚ್ಚು. ಕೃಷ್ಣಗಿರಿ, ಧರ್ಮಪುರಿಗಳು ತಮಿಳುನಾಡಿನ ರಾಗಿ ಸೀಮೆ. ನೆಲದ ಬಣ್ಣ, ಬಂಡೆಯ ಆಕಾರ, ಹೊಲದ ಬದುವಿನ ಹೊಂಗೆ, ಎಲ್ಲವೂ ಕೋಲಾರದ ಮುಂದುವರಿಕೆ. ಕರ್ನಾಟಕದಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟೆಗೆ ಬಂದು ಸೇರುತ್ತದೆ. ಮಳೆಗಾಲದಲ್ಲಿ ಅಲ್ಲಿ ಆಳೆತ್ತರ ನೊರೆ ಏಳುತ್ತದೆ. ಅದು ನಮ್ಮ ಬೆಂಗಳೂರಿನ ಕೊಳಚೆ, ನಾವು ಕೆಳಗಿನ ಊರಿಗೆ ಕಳಿಸುತ್ತಿರುವುದು. ಒಂದೇ ಅನ್ನ, ಒಂದೇ ನೀರು ಹಂಚಿಕೊಂಡವರ ಮೇಲೆ ಹೀಗೆ ಮಾಡಬಾರದು ಎಂಬ ನೋವು ಆ ಅಣೆಕಟ್ಟೆಯ ಬಳಿ ನಿಂತವರಿಗೆ ಯಾರಿಗಾದರೂ ಆದೀತು.

ಶೂಲಗಿರಿಯ ಹತ್ತಿರ ಕೊತ್ತಂಬರಿ, ಪುದೀನದ ಹೊಲಗಳ ಗಾಳಿ ಕಾರಿನೊಳಗೂ ನುಗ್ಗಿತು. ಮಾವಿನ ತೋಪುಗಳು ಹೂ ಬಿಟ್ಟಿದ್ದವು. ಬೇಸಿಗೆಯಲ್ಲಿ ಈ ತೋಪುಗಳ ತೋತಾಪುರಿಯೆಲ್ಲ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ಒಂದು ಹಳ್ಳಿಯ ಬಳಿ ರಸ್ತೆ ಬದಿಗೆ ಜನವೋ ಜನ. ಎತ್ತು ಬಿಡುವ ಹಬ್ಬ. ಪೊಂಗಲಿನಿಂದ ಶುರುವಾಗಿ ಬೇಸಿಗೆ ಕಾವೇರುವವರೆಗೆ ಈ ಸೀಮೆಯ ಹಳ್ಳಿಗಳು ಒಂದಾದ ಮೇಲೊಂದು ಇದನ್ನು ನಡೆಸುತ್ತವೆ. ಕೊಂಬಿಗೆ ಬಣ್ಣಬಣ್ಣದ ತಟ್ಟಿ ಕಟ್ಟಿಸಿಕೊಂಡ ಹೋರಿ ಜನರ ನಡುವಿನ ಓಣಿಯಲ್ಲಿ ಸಿಡಿಲಿನಂತೆ ಹಾಯುತ್ತದೆ, ತಟ್ಟಿ ಕಿತ್ತವರಿಗೆ ಅದರಲ್ಲಿದ್ದ ಬಹುಮಾನ. ನಮ್ಮ ಹಾವೇರಿಯ ಕೊಬ್ಬರಿ ಹೋರಿಯ ಹಬ್ಬ ಕಣ್ಣಮುಂದೆ ಬಂತು. ಹೋರಿಯ ಯಜಮಾನ ನಡುವಯಸ್ಸಿನ ರೈತ, ವರ್ಷವಿಡೀ ಅದಕ್ಕೆ ಹುರುಳಿ, ಹತ್ತಿಕಾಳು ಹಾಕಿ ಸಾಕಿದವನು. ಇದರಿಂದ ನಿಮಗೇನು ಸಿಗುತ್ತದೆ ಎಂದು ಕೇಳಿದ್ದಕ್ಕೆ, "ಊರ ಹೆಸ್ರು ಹೇಳ್ತಾರಲ್ಲ ಮೈಕಲ್ಲಿ" ಎಂದ. ಅಪಾಯದ ಆಟ ಅದು, ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಓಣಿಯ ಕೋಣೆಯಲ್ಲಿ ಬೆರಳಿನ ಉಗುರಿನಷ್ಟು ಜಾಗದಲ್ಲಿ ನಡೆಯುವ ಆಟವನ್ನು ನೋಡಿ ಬಂದ ನನಗೆ ಎರಡರ ನಡುವೆ ಒಂದು ನಂಟು ಕಂಡಿತು. ದುಡಿಮೆಯ ಬದುಕಿನಲ್ಲಿ ಕೂಲಿಗೆ ಸೇರದ ಒಂದು ಕೆಲಸ ಬೇಕು, ಅದರಲ್ಲಿ ತನ್ನ ಓಣಿಯ, ತನ್ನ ಊರಿನ ಹೆಸರು ಕೇಳಿಸಬೇಕು. ಮನುಷ್ಯ ಹೊಟ್ಟೆ ತುಂಬಿದ ಮೇಲೆ ಬೇಡುವುದು ಇದನ್ನೇ.

ಕೃಷ್ಣಗಿರಿಯ ಬೆಟ್ಟ ಊರಿನ ನೆತ್ತಿಯ ಮೇಲೆಯೇ ಇದೆ. 1791ರಲ್ಲಿ ಮ್ಯಾಕ್ಸ್‌ವೆಲ್ ನೇತೃತ್ವದ ಬ್ರಿಟಿಷ್ ಪಡೆ ಬೆಟ್ಟದ ಮೇಲಿನ ಕೋಟೆಗೆ ಲಗ್ಗೆ ಹಾಕಿ, ಮೇಲಿನಿಂದ ಉರುಳಿದ ಬಂಡೆಗಳಿಗೆ ಬೆದರಿ ಹಿಮ್ಮೆಟ್ಟಿತು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನೇ ಬಿಟ್ಟುಕೊಡಬೇಕಾಯಿತು. ಅಲೆಗ್ಸಾಂಡರ್ ರೀಡ್, ಥಾಮಸ್ ಮನ್ರೊ ಇಲ್ಲಿ ಹೊಲ ಅಳೆದು ಕಂದಾಯ ಗೊತ್ತುಮಾಡಿದರು. ಅದಕ್ಕೂ ಐನೂರು ವರ್ಷ ಹಿಂದೆ ಹೊಯ್ಸಳ ರಾಮನಾಥ ಇದೇ ಸೀಮೆಯ ಕುಂದಾಣಿಯಿಂದ ಆಳಿದ. ಊರಿನ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳಿವೆ: ತುರು ಕಾಯಲು ಹೋಗಿ ಸತ್ತವರು, ಹುಲಿಯೊಡನೆ ಸೆಣಸಿದವರು. ಅರಸರ ಹೆಸರು ಶಾಸನಗಳಲ್ಲಿ ಸಿಕ್ಕುತ್ತದೆ. ಆದರೆ ಊರು ತನ್ನ ಖರ್ಚಿನಲ್ಲಿ ಕಲ್ಲು ನೆಟ್ಟದ್ದು ತನ್ನ ನಡುವಿನವರಿಗೆ. ಹೊಸೂರಿನ ಹಿರಿಯರ ಲೆಕ್ಕದ ಪುಸ್ತಕ ಆಗ ನೆನಪಾಯಿತು. ತನ್ನವರನ್ನು ಮರೆಯಬಾರದೆಂಬ ಹಂಬಲ ಎರಡರಲ್ಲೂ ಒಂದೇ.

ಕೆಆರ್‌ಪಿ ಎಂದು ಕರೆಯುವ ಕೃಷ್ಣಗಿರಿ ಅಣೆಕಟ್ಟೆಯ ಬಳಿ ಊಟ. ಕಾಮರಾಜರ ಕಾಲದ ಅಣೆಕಟ್ಟು ಅದು, 1957ರಲ್ಲಿ ತೆರೆದದ್ದು. ಹೊರಗಡೆ ಸಾಲಾಗಿ ಮೀನು ಹುರಿಯುವ ಅಂಗಡಿಗಳು. ಕೆರೆಯ ಮೀನಿಗೆ ಖಾರ ಹಚ್ಚಿ, ಕಾದ ಹಂಚಿನ ಮೇಲೆ ಹಾಕಿ ಬಾಳೆಯೆಲೆಯಲ್ಲಿ ಕೊಡುತ್ತಾರೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಶಾಲಾ ಮೇಷ್ಟರು ಮಾತಿಗೆ ಸಿಕ್ಕರು, ದೈಹಿಕ ಶಿಕ್ಷಣದವರು. ಕೇರಂ ಎಂದದ್ದೇ ತಡ, ಊಟವಾದ ಮೇಲೆ ತಮ್ಮ ಹಳ್ಳಿಗೆ ಕರೆದೊಯ್ದರು.

ದೇವಸ್ಥಾನದ ಪಕ್ಕದ ಛಾವಣಿಯ ಕೆಳಗೆ ಮೂರು ಹಲಗೆಗಳು, ಆಡುತ್ತಿದ್ದವರೆಲ್ಲ ಹೆಣ್ಣುಮಕ್ಕಳು. ಕೆಲವರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಮೊದಲು ಇಲ್ಲಿಗೆ ಗಂಡುಹುಡುಗರು ಮಾತ್ರ ಬರುತ್ತಿದ್ದರಂತೆ. ಖಾಸಿಮಾ ಗೆದ್ದ ಮೇಲೆ ಅಪ್ಪಂದಿರೇ ಹೆಣ್ಣುಮಕ್ಕಳನ್ನು ಕರೆತರತೊಡಗಿದರು ಎಂದರು ಮೇಷ್ಟರು. ಚೆನ್ನೈನ ಆಟೋ ಚಾಲಕರೊಬ್ಬರ ಮಗಳು ಖಾಸಿಮಾ 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್ಪಿನಲ್ಲಿ ಸಿಂಗಲ್ಸ್, ಡಬಲ್ಸ್, ತಂಡ ಮೂರರಲ್ಲೂ ಚಿನ್ನ ಗೆದ್ದಳು. ರಾಜ್ಯ ಸರ್ಕಾರ ಒಂದು ಕೋಟಿ ರೂಪಾಯಿ ಕೊಟ್ಟು ಗೌರವಿಸಿತು. ಅದಕ್ಕೂ ಹಿಂದೆ, 2008ರಲ್ಲಿ, ಅದೇ ಚೆನ್ನೈನ ವ್ಯಾಸರ್‌ಪಾಡಿಯ ಇಳವಳಗಿ ಫ್ರಾನ್ಸಿನಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಇಬ್ಬರೂ ಬೆಳೆದದ್ದು ಉತ್ತರ ಚೆನ್ನೈನ ದುಡಿಯುವವರ ಓಣಿಗಳಲ್ಲಿ. ಆ ಓಣಿಗಳಲ್ಲಿ ಸಂಜೆ ಹೊತ್ತು ಹಲಗೆ ಇಡುವವರು ಇಲ್ಲದಿದ್ದರೆ ಆ ಬೆರಳುಗಳ ಬಲ ಲೋಕಕ್ಕೆ ತಿಳಿಯುತ್ತಲೇ ಇರಲಿಲ್ಲ.

ಹತ್ತು ವರ್ಷದ ಹುಡುಗಿಯೊಬ್ಬಳು ನನ್ನನ್ನು ಎದುರು ಕೂರಿಸಿಕೊಂಡಳು. "ಮಾಮಾ, ನೀವು ಮೊದ್ಲು ಹೊಡೀರಿ" ಎಂದು ಬಿಳಿ ನನಗೆ ಬಿಟ್ಟುಕೊಟ್ಟಳು. ಅವಳ ಮನೆಮಾತು ಕನ್ನಡ. ಶಾಲೆ ತಮಿಳಿನದು. ನನ್ನ ಕಾಯಿ ಪಾಕೆಟ್ಟಿನ ಬಾಯಲ್ಲಿ ನಿಂತಾಗ ಅವಳು ಅದನ್ನು ಅಡ್ಡಗಟ್ಟಿ ತನ್ನದನ್ನು ಹಾಕಿದಳು, ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಗೆದ್ದ ಮೇಲೆ ಎದ್ದು ಕೈಕುಲುಕಿದಳು. ಸೋತವರ ಕೈ ಕುಲುಕದೆ ಹಲಗೆ ಬಿಟ್ಟೇಳಬಾರದು ಎಂದು ಮೇಷ್ಟರು ಕಟ್ಟಪ್ಪಣೆ ಮಾಡಿದ್ದರು. ದೊಡ್ಡ ಮೈದಾನಗಳಲ್ಲಿ, ಕೋಟ್ಯಂತರ ರೂಪಾಯಿಯ ಪಂದ್ಯಗಳಲ್ಲಿ ಈಚೆಗೆ ಕೈಕುಲುಕುವುದೂ ವಿವಾದವಾಗುವುದನ್ನು ನೋಡುತ್ತಿದ್ದೇವೆ. ಈ ಹಳ್ಳಿಯಲ್ಲಿ ಅದು ಆಟದ ಕೊನೆಯ ಹೊಡೆತವೆಂಬಷ್ಟು ಸಹಜವಾಗಿತ್ತು.

ಮರಳುವ ದಾರಿಯಲ್ಲಿ ನನ್ನ ಯೋಚನೆಯೆಲ್ಲ ಒಂದೇ ಕಡೆ ಹರಿಯಿತು. ಹವ್ಯಾಸಿ ಆಟ ಎಂದರೆ ನಾವು ಅರ್ಧ ಕಲಿತವರ ಆಟ, ಹೊತ್ತು ಕಳೆಯುವ ಆಟ ಎಂದು ಹಗುರ ಮಾಡಿಬಿಟ್ಟಿದ್ದೇವೆ. ಚಾಂಪಿಯನ್ನರು ಹುಟ್ಟುವ ಮೊದಲು ಓಣಿಗಳಲ್ಲಿ ಇಂಥ ನೂರಾರು ಕೋಣೆಗಳು ಇರಬೇಕು, ಆ ಕೋಣೆಗಳಿಂದ ಯಾವ ಚಾಂಪಿಯನ್ನೂ ಬಾರದಿದ್ದರೂ ಅವು ಸಾರ್ಥಕವೇ. ಕ್ರಿಕೆಟ್ಟು ಕಟ್ಟಿಕೊಟ್ಟ ಕ್ಲಬ್ಬುಗಳನ್ನು, ಅಕಾಡೆಮಿಗಳನ್ನು ನಾವು ಹೊಗಳುತ್ತೇವೆ. ಅಂಕದ ಪುಸ್ತಕ ಹಿಡಿದು ನಾಲ್ಕು ದಶಕ ಒಂದೇ ಕುರ್ಚಿಯಲ್ಲಿ ಕೂತವರನ್ನು ಕೇಳುವವರಿಲ್ಲ. ಹೊಸೂರಿನ ಆ ಕೋಣೆಗೆ ಬೇಕಾದದ್ದು ತೀರ ಕಡಿಮೆ: ನೆತ್ತಿಯ ಮೇಲೊಂದು ಛಾವಣಿ, ಒಂದು ಬಲ್ಬು, ಒಂದು ಡಬ್ಬಿ ಪೌಡರು, ಬಾಗಿಲು ತೆಗೆಯುವ ಒಬ್ಬ ಮನುಷ್ಯ. ಅಷ್ಟಿದ್ದರೆ ನಾಲ್ಕು ಭಾಷೆಯ ನಾಲ್ವರು ಒಂದು ಹಲಗೆಯ ನಾಲ್ಕು ಬದಿಗೆ ಕೂರುತ್ತಾರೆ. ಭಾಷೆಯ ಹೆಸರಿನಲ್ಲಿ ಎರಡು ರಾಜ್ಯಗಳು ಆಗಾಗ ಮುನಿಸಿಕೊಂಡ ಗಡಿಯಿದು. ಬಸ್ಸು ನಿಂತ ದಿನಗಳನ್ನೂ ಹೊಸೂರು ಕಂಡಿದೆ. ಆ ದಿನಗಳಲ್ಲೂ ಹಲಗೆ ಇಟ್ಟಿರಾ ಎಂದು ನಾನು ಹಿರಿಯರನ್ನು ಕೇಳಿದ್ದೆ. "ಯಾಕಿಡ್ದೆ ಇರ್ತೀವಿ? ಆವತ್ತು ಕೆಲ್ಸಕ್ಕೆ ರಜ" ಎಂದಿದ್ದರು.

ನಮ್ಮ ಬಡಾವಣೆಗಳಲ್ಲಿ ಜಾಗವಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಎಷ್ಟೋ ವಾರ್ಡುಗಳಲ್ಲಿ ಸಮುದಾಯ ಭವನವಿದೆ. ಮದುವೆಯಿಲ್ಲದ ದಿನ ಅದಕ್ಕೆ ಬೀಗ. ಎಷ್ಟೋ ಬಡಾವಣೆಗಳಿಗೆ ಕ್ಷೇಮಾಭಿವೃದ್ಧಿ ಸಂಘವಿದೆ, ಕನ್ನಡ ಸಂಘವಿದೆ, ರಾಜ್ಯೋತ್ಸವಕ್ಕೆ ಪೆಂಡಾಲ್ ಹಾಕುವ ಹುರುಪಿದೆ. ದೇವಸ್ಥಾನಗಳ ಪ್ರಾಂಗಣವಿದೆ, ಸಂಜೆ ಮೂರು ತಾಸು ಖಾಲಿಯಿರುವ ಸರ್ಕಾರಿ ಶಾಲೆಯ ಕೊಠಡಿಗಳಿವೆ. ಇವುಗಳಲ್ಲಿ ಒಂದರ ಕೀಲಿಕೈ ನಿಮ್ಮ ಕೈಯಲ್ಲಿದ್ದರೆ, ವಾರಕ್ಕೆ ಎರಡು ಸಂಜೆ ಬಾಗಿಲು ತೆಗೆದು ಒಂದು ಕೇರಂ ಹಲಗೆ ಇಡಿ. ಶುಲ್ಕ ಬೇಡ, ಉದ್ಘಾಟನೆ ಬೇಡ, ಬ್ಯಾನರ್ ಬೇಡ. ಮನೆಗೆಲಸದವರು, ಡೆಲಿವರಿ ಹುಡುಗರು, ಅಪಾರ್ಟ್‌ಮೆಂಟಿನ ಕಾವಲುಗಾರರು, ಬೇರೆ ರಾಜ್ಯದಿಂದ ಬಂದು ಕನ್ನಡ ಕಲಿಯುತ್ತಿರುವವರು, ಯಾರು ಬಂದರೂ ಕೂರಿಸಿ. ಹೆಣ್ಣುಮಕ್ಕಳಿಗೆಂದು ಒಂದು ಹಲಗೆ ಬೇರೆಯಾಗಿ ಮೀಸಲಿಡಿ. ಒಂದು ಪುಸ್ತಕ ತೆರೆದು ಅಂಕಗಳನ್ನು ಪ್ರಾಮಾಣಿಕವಾಗಿ ಬರೆಯಿರಿ, ಗೆದ್ದವರಿಂದ ಎಲ್ಲರಿಗೂ ಚಹಾ ಕೊಡಿಸಿ. ಇದನ್ನು ಯಾವ ಇಲಾಖೆಯ ಅನುಮತಿಗೂ ಕಾಯದೆ ಈ ತಿಂಗಳೇ ಶುರು ಮಾಡಬಹುದು.